ಚಂದ್ರನ ಮೇಲೆ ಕ್ಯಾಮೆರಾ ತಿರುಗಿಸಿದವರು ಯಾರು?

ಅಪೊಲೊ 17ರ ಗಗನಯಾತ್ರಿಗಳು ಚಂದ್ರನನ್ನು ಬಿಟ್ಟು ಹೊರಟ ಕ್ಷಣದ ಚಿತ್ರಣವಿದೆ. 1972ರ ಡಿಸೆಂಬರ್ 14, ಟಾರಸ್-ಲಿಟ್ರೋ ಕಣಿವೆ. ಬಣ್ಣಬಣ್ಣದ ಚೂರುಗಳು ಸುತ್ತಲೂ ಸಿಡಿಯುತ್ತವೆ, ನೌಕೆಯ ಮೇಲ್ಭಾಗ ಚಿಮ್ಮುತ್ತದೆ, ಕ್ಯಾಮೆರಾ ಅದರ ಬೆನ್ನು ಹತ್ತಿ ಮೇಲಕ್ಕೆ ತಿರುಗುತ್ತದೆ. ಬೆಂಕಿ ಕಾಣಿಸುವುದಿಲ್ಲ, ಹೊಗೆಯೂ ಇಲ್ಲ. ಅಲ್ಲಿದ್ದವರೇ ಇಬ್ಬರು, ಯೂಜೀನ್ ಸರ್ನನ್ ಮತ್ತು ಹ್ಯಾರಿಸನ್ ಶ್ಮಿಟ್. ಇಬ್ಬರೂ ನೌಕೆಯೊಳಗಿದ್ದಾರೆ. ಹಾಗಾದರೆ ಕ್ಯಾಮೆರಾ ತಿರುಗಿಸಿದ್ದು ಯಾರು?

ಇದೆಲ್ಲ ಸ್ಟುಡಿಯೊದಲ್ಲಿ ತೆಗೆದದ್ದಿರಬಹುದೆಂಬ ಸಂಶಯದಿಂದ ಇಂಥ ಪ್ರಶ್ನೆ ಕೇಳಿದವರನ್ನು ಗೇಲಿ ಮಾಡಿ ಸುಮ್ಮನಾಗಿಸುವ ಚಾಳಿ ವಿಜ್ಞಾನ ಬಲ್ಲವರಲ್ಲಿ ಬೆಳೆದಿದೆ. ನನಗದು ಒಪ್ಪಿಗೆಯಿಲ್ಲ. ಪ್ರಶ್ನೆ ಚೆನ್ನಾಗಿದೆ. ಉತ್ತರ ಅದಕ್ಕಿಂತಲೂ ಚೆನ್ನಾಗಿದೆ.

ಕ್ಯಾಮೆರಾ ಇದ್ದದ್ದು ಗಗನಯಾತ್ರಿಗಳು ಓಡಾಡಿದ ರೋವರ್ ಬಂಡಿಯ ಮೇಲೆ. ಹೊರಡುವ ಮುನ್ನ ಸರ್ನನ್ ಅದನ್ನು ನೌಕೆಯಿಂದ ಸುಮಾರು 150 ಮೀಟರ್ ದೂರದಲ್ಲಿ ನಿಲ್ಲಿಸಿದ್ದರು. ಅದಕ್ಕೆ ಬ್ಯಾಟರಿಯಿತ್ತು, ಭೂಮಿಯತ್ತ ಮುಖಮಾಡಿದ ಆಂಟೆನಾ ಇತ್ತು. ಕ್ಯಾಮೆರಾವನ್ನು ಹ್ಯೂಸ್ಟನ್‌ನಲ್ಲಿ ಕುಳಿತ ಎಡ್ ಫೆಂಡೆಲ್ ರೇಡಿಯೊ ಆದೇಶಗಳಿಂದ ನಡೆಸುತ್ತಿದ್ದರು. ತೊಡಕೆಂದರೆ ದೂರ. ಭೂಮಿಯಿಂದ ಚಂದ್ರನಿಗೆ ಸರಾಸರಿ 3,84,000 ಕಿಲೋಮೀಟರ್. ರೇಡಿಯೊ ಅಲೆ ಅಲ್ಲಿಗೆ ಮುಟ್ಟಲು ಸುಮಾರು 1.3 ಸೆಕೆಂಡು, ಚಿತ್ರ ವಾಪಸ್ಸು ಬರಲು ಮತ್ತೆ ಅಷ್ಟೇ. ನೌಕೆ ಮೇಲೇಳುವುದನ್ನು ಪರದೆಯಲ್ಲಿ ಕಂಡ ಮೇಲೆ ಗುಂಡಿ ಒತ್ತಿದರೆ, ಆದೇಶ ಮುಟ್ಟುವ ಹೊತ್ತಿಗೆ ನೌಕೆ ಚೌಕಟ್ಟಿನಾಚೆ ಹೋಗಿಯಾಗಿರುತ್ತದೆ. ಹಾಗಾಗಿ ಫೆಂಡೆಲ್ ಪರದೆಯನ್ನು ನಂಬದೆ ಗಡಿಯಾರವನ್ನು ನಂಬಿದರು. ಯಾವ ಸೆಕೆಂಡಿನಲ್ಲಿ ಯಾವ ಆದೇಶ ಹೋಗಬೇಕೆಂದು ಮೊದಲೇ ಹಾಕಿಟ್ಟ ಲೆಕ್ಕವಿತ್ತು; ಎಣಿಕೆಯ ಪ್ರಕಾರ ಒಂದೊಂದಾಗಿ ಕಳಿಸಿದರು.

ಈ ಸಾಹಸ ಮೊದಲ ಯತ್ನದಲ್ಲೇ ಕೈಗೂಡಿದ್ದಲ್ಲ. 1971ರಲ್ಲಿ ಅಪೊಲೊ 15ರ ಕ್ಯಾಮೆರಾವನ್ನು ಮೇಲೆ ಕೆಳಗೆ ಆಡಿಸುವ ಭಾಗವೇ ಕೆಟ್ಟಿತ್ತು; ನೌಕೆ ಚಿಮ್ಮಿ ಚಿತ್ರದಿಂದ ಮಾಯವಾಯಿತು. ಮರುವರ್ಷ ಅಪೊಲೊ 16ರಲ್ಲಿ ರೋವರ್ ಲೆಕ್ಕಕ್ಕಿಂತ ಹತ್ತಿರ ನಿಂತಿದ್ದರಿಂದ ನೌಕೆ ಬೇಗನೆ ಕೈತಪ್ಪಿತು. ಎರಡೂ ಸೋಲುಗಳು ನೇರಪ್ರಸಾರದಲ್ಲೇ ಆದವು, ಇಂದಿಗೂ ನೋಡಲು ಸಿಗುತ್ತವೆ. ಅಪೊಲೊ 17ರ ದೃಶ್ಯವೊಂದನ್ನೇ ಹಂಚುವವರು ಈ ಎರಡನ್ನು ತೋರಿಸುವುದು ಅಪರೂಪ. ಮೂರನ್ನೂ ಒಟ್ಟಿಗೆ ನೋಡಿದವರಿಗೆ ಎಂಜಿನಿಯರುಗಳು ಕಲಿಯುತ್ತಾ ಹೋದದ್ದು ಕಾಣುತ್ತದೆ.

ಇನ್ನು ಬೆಂಕಿಯ ಮಾತು. ಆ ಎಂಜಿನ್‌ನಲ್ಲಿ ಉರಿದದ್ದು ಏರೋಜಿನ್-50 ಮತ್ತು ನೈಟ್ರೋಜನ್ ಟೆಟ್ರಾಕ್ಸೈಡ್. ಒಂದಕ್ಕೊಂದು ತಾಗಿದರೆ ಸಾಕು, ಕಿಡಿಯಿಲ್ಲದೆ ಹೊತ್ತಿಕೊಳ್ಳುವ ಜೋಡಿ ಇದು. ಇವುಗಳ ಜ್ವಾಲೆಯಲ್ಲಿ ಹೊಳೆಯುವ ಮಸಿಯ ಕಣಗಳು ಇರುವುದಿಲ್ಲವೆನ್ನುವಷ್ಟು ಕಡಿಮೆ. ಇದೇ ಜೋಡಿಯಿಂದ ಭೂಮಿಯ ಮೇಲೆ ಏರಿದ ಟೈಟನ್ 2 ರಾಕೆಟ್ಟಿನ ಚಿತ್ರಗಳಲ್ಲೂ ಜ್ವಾಲೆ ಪಾರದರ್ಶಕವೇ. ನಮ್ಮ ಜಿಎಸ್‌ಎಲ್‌ವಿ ಉಡಾವಣೆಯನ್ನು ಗಮನಿಸಿ: ಮೊದಲು ಪಕ್ಕದ ನಾಲ್ಕು ದ್ರವ ಎಂಜಿನ್‌ಗಳು ಮಸುಕಾಗಿ ಉರಿಯುತ್ತವೆ, ಕೆಲವು ಸೆಕೆಂಡುಗಳ ನಂತರ ನಡುವಿನ ಘನ ಇಂಧನ ಹೊತ್ತಿಕೊಂಡಾಗ ಮಾತ್ರ ಕಣ್ಣು ಕುಕ್ಕುವ ಬೆಳಕು, ದಟ್ಟ ಬಿಳಿ ಹೊಗೆ. ಚಂದ್ರನಲ್ಲಂತೂ ಗಾಳಿಯೇ ಇಲ್ಲ. ಹೊರಬಂದ ಅನಿಲವನ್ನು ಒತ್ತಿ ಹಿಡಿಯುವುದು ಏನೂ ಇಲ್ಲದೆ ಅದು ಕ್ಷಣದಲ್ಲೇ ಹರಡಿ ತೆಳುವಾಗುತ್ತದೆ.

ಬಣ್ಣದ ಚೂರುಗಳ ಕಾರಣ ಕ್ಯಾಮೆರಾದಲ್ಲಿದೆ. ಅದರೊಳಗೆ ಬಣ್ಣದ ಗಾಜಿನ ಚಕ್ರವೊಂದು ತಿರುಗುತ್ತಾ ಕೆಂಪು, ನೀಲಿ, ಹಸಿರು ಚಿತ್ರಗಳನ್ನು ಒಂದಾದ ಮೇಲೊಂದು ಹಿಡಿಯುತ್ತಿತ್ತು. ಮೂರನ್ನೂ ಸೇರಿಸಿ ಪೂರ್ಣ ಬಣ್ಣ ಮಾಡುತ್ತಿದ್ದದ್ದು ಭೂಮಿಯಲ್ಲಿ. ನಿಂತ ವಸ್ತುವಿಗೆ ತೊಂದರೆಯಿಲ್ಲ. ವೇಗವಾಗಿ ಹಾರುವ ಚೂರು ಮಾತ್ರ ಮೂರು ಚಿತ್ರಗಳಲ್ಲಿ ಮೂರು ಕಡೆ ಇರುತ್ತದೆ, ಹಾಗಾಗಿ ಒಂದೇ ಚೂರು ಮೂರು ಬಣ್ಣದ ಚುಕ್ಕೆಗಳಾಗಿ ಕಾಣುತ್ತದೆ. ಆ ಚೂರುಗಳು ನೌಕೆಯ ಕೆಳಭಾಗವನ್ನು ಶಾಖದಿಂದ ಕಾಯಲು ಸುತ್ತಿದ್ದ ತೆಳು ಹಾಳೆಯ ತುಣುಕುಗಳು. ಅವು ಹಾರುವ ರೀತಿಯನ್ನು ನೋಡಬೇಕು. ಅಷ್ಟು ಹಗುರ ಹಾಳೆ ಗಾಳಿಯಲ್ಲಿ ಸಿಡಿದಿದ್ದರೆ ಮೆರವಣಿಗೆಯಲ್ಲಿ ಎರಚಿದ ಬಣ್ಣದ ಕಾಗದದಂತೆ ತಡವರಿಸಿ, ತೇಲಿ ಅಲ್ಲೇ ಬೀಳಬೇಕಿತ್ತು. ಇಲ್ಲಿ ಅವು ತಡೆಯೇ ಇಲ್ಲದೆ ನೇರ ದೂರಕ್ಕೆ ಚಿಮ್ಮುತ್ತವೆ. ದೊಡ್ಡ ಸ್ಟುಡಿಯೊದ ಗಾಳಿಯನ್ನೆಲ್ಲ ಹೀರಿ ತೆಗೆಯದೆ ಇದನ್ನು ಚಿತ್ರೀಕರಿಸುವ ದಾರಿ ನನಗೆ ಹೊಳೆಯುವುದಿಲ್ಲ.

ಲೆಕ್ಕವನ್ನೂ ಹಾಕಬಹುದು. ಮೇಲೆದ್ದ ಭಾಗದ ತೂಕ 4,700 ಕಿಲೋಗ್ರಾಂ ಆಸುಪಾಸು, ಎಂಜಿನ್ನಿನ ನೂಕುಬಲ ಸುಮಾರು 15,600 ನ್ಯೂಟನ್. ಚಂದ್ರನ ಗುರುತ್ವವನ್ನು ಕಳೆದರೆ ಉಳಿಯುವ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 1.7 ಮೀಟರಿನಷ್ಟು. ಅಂದರೆ ಎರಡು ಸೆಕೆಂಡಿನಲ್ಲಿ ಸುಮಾರು 3.4 ಮೀಟರ್. ಆ ಭಾಗದ ಎತ್ತರ 2.8 ಮೀಟರ್, ಅದನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ಹೈಸ್ಕೂಲು ಮಕ್ಕಳು ವಿಡಿಯೊವನ್ನು ಚೌಕಟ್ಟು ಚೌಕಟ್ಟಾಗಿ ನಿಲ್ಲಿಸಿ ಮಾಡಬಹುದಾದ ಕೆಲಸ. ಆರಂಭದಲ್ಲಿ, ಚಂದ್ರನ ಮೇಲೇ ಉಳಿಯುವ ಕೆಳಭಾಗಕ್ಕೆ ಬಡಿದು ಮರಳುವ ಅನಿಲವೂ ಒಂದಿಷ್ಟು ನೂಕುತ್ತದೆ ಎಂಬುದನ್ನು ಮರೆಯಬಾರದು.

ಸಂಶಯಕ್ಕೆ ನೀರೆರೆದದ್ದು ನೋಡುಗರು ಮಾತ್ರವಲ್ಲ, ತೋರಿಸಿದವರೂ ಹೌದು. ಅಪೊಲೊ ನೌಕೆಗಳನ್ನು ಹೊತ್ತ ಸ್ಯಾಟರ್ನ್ 5 ರಾಕೆಟ್ಟಿನ ಹಂತಗಳ ನಡುವಿನ ಬಳೆಯಂಥ ಭಾಗ ಕಳಚಿ ಉರಿಯುತ್ತಾ ಕೆಳಗೆ ಬೀಳುವ ಪ್ರಸಿದ್ಧ ಚಿತ್ರವನ್ನು ಅಪೊಲೊ 11ರ ಸಾಕ್ಷ್ಯಚಿತ್ರಗಳಲ್ಲಿ ಎಷ್ಟೋ ಸಲ ಸೇರಿಸಿದ್ದಾರೆ. ಅಂಥ ಚಿತ್ರಗಳು ಬಂದದ್ದು ಮನುಷ್ಯರಿಲ್ಲದೆ ಹಾರಿದ ಪರೀಕ್ಷಾ ಯಾನಗಳಿಂದ, 1967ರ ಅಪೊಲೊ 4ರಂಥವುಗಳಿಂದ. ಫಿಲ್ಮ್ ತುಂಬಿದ ಕ್ಯಾಮೆರಾಗಳು ರಾಕೆಟ್ಟಿನಿಂದ ಕಳಚಿ, ಪ್ಯಾರಾಚೂಟಿನಲ್ಲಿ ಸಮುದ್ರಕ್ಕಿಳಿದು, ಅಲ್ಲಿಂದ ಎತ್ತಿ ತಂದ ಚಿತ್ರಗಳವು. ಚಿತ್ರ ಅಪ್ಪಟ ಸತ್ಯ, ಹಚ್ಚಿದ ಹೆಸರು ಸುಳ್ಳು. ಇದನ್ನು ಒಬ್ಬ ನೋಡುಗ ಪತ್ತೆ ಹಚ್ಚಿದ ಮೇಲೆ ಉಳಿದುದನ್ನೂ ಅವನು ಏಕೆ ನಂಬಬೇಕು? ನನಗೆ ಸಿಟ್ಟು ಬರುವುದು ಇಂಥ ಸಂಕಲನಕಾರರ ಮೇಲೆ.

ಇಂಥದೇ ಸಂಶಯ ಹುಟ್ಟಿಸುತ್ತಿದ್ದ ಇನ್ನೊಂದು ದೃಶ್ಯ, ಫಾಲ್ಕನ್ 9 ರಾಕೆಟ್ಟು ಹಡಗಿನ ಮೇಲಿಳಿಯುವಾಗ ನೇರಪ್ರಸಾರ ಕಡಿದುಹೋಗುತ್ತಿದ್ದುದು. ಅದಕ್ಕೂ ಕಾರಣ ಸರಳ: ಎಂಜಿನ್ನಿನ ಹೊಡೆತಕ್ಕೆ ಹಡಗು ನಡುಗಿ, ಉಪಗ್ರಹದತ್ತ ಗುರಿಯಿಟ್ಟ ಆಂಟೆನಾದ ಸಂಪರ್ಕ ತಪ್ಪುತ್ತಿತ್ತು. ಹಡಗಿನಲ್ಲೇ ದಾಖಲಾದ ಚಿತ್ರಣ ಆಮೇಲೆ ಹೊರಬರುತ್ತಿತ್ತು.

ನಮ್ಮ ಪ್ರಸಾರಗಳಲ್ಲೂ ಗೊಂದಲಕ್ಕೆ ಎಡೆಯುಂಟು. 2023ರ ಆಗಸ್ಟ್ 23ರ ಸಂಜೆ ಇಸ್ರೊದ ಬೆಂಗಳೂರಿನ ಇಸ್ಟ್ರಾಕ್ ಕೇಂದ್ರದಿಂದ ಪ್ರಸಾರವಾದ ಚಂದ್ರಯಾನ-3ರ ಇಳಿಯುವಿಕೆಯನ್ನು ದೇಶವೆಲ್ಲ ನೋಡಿತು. ಪರದೆಯಲ್ಲಿ ಅದರ ಲ್ಯಾಂಡರ್ ವಿಕ್ರಮ್ ಇಳಿಯುವಂತೆ ಕಂಡದ್ದು, ನೌಕೆ ಕಳಿಸುತ್ತಿದ್ದ ಮಾಹಿತಿಯನ್ನು ಆಧರಿಸಿ ಚಲಿಸುತ್ತಿದ್ದ ಅನಿಮೇಷನ್. ವಿಕ್ರಮ್‌ನ ಕ್ಯಾಮೆರಾ ನಿಜವಾಗಿ ಕಂಡದ್ದರ ವಿಡಿಯೊವನ್ನು ಇಸ್ರೊ ಮರುದಿನ ಬಿಡುಗಡೆ ಮಾಡಿತು. ಅನಿಮೇಷನ್ ತೋರಿಸಿದ್ದು ವಂಚನೆಯಲ್ಲ; ಇಳಿಯುವ ಆ ನಿಮಿಷಗಳಲ್ಲಿ ಎತ್ತರ, ವೇಗ, ಇಂಧನದ ಅಂಕಿಗಳೇ ಮುಖ್ಯ. ಆದರೆ ಅನಿಮೇಷನ್ನನ್ನು ನಿಜಚಿತ್ರವೆಂದೇ ತಿಳಿದು ನೋಡಿದವರೂ ಕಡಿಮೆಯಿರಲಾರರು. ಇದು ಅನಿಮೇಷನ್, ಇದು ಕ್ಯಾಮೆರಾ ಚಿತ್ರ, ಇದು ಯಾವ ಯಾನದ್ದು, ಯಾವ ದಿನದ್ದು ಎಂಬ ಒಂದು ಸಾಲನ್ನು ಪರದೆಯ ಮೂಲೆಯಲ್ಲಿ ಪ್ರಸಾರದುದ್ದಕ್ಕೂ ಇಡುವುದು ಯಾವ ಬಾಹ್ಯಾಕಾಶ ಸಂಸ್ಥೆಗೂ ಭಾರವಲ್ಲ. ಸುದ್ದಿವಾಹಿನಿಗಳೂ ಆ ಸಾಲನ್ನು ತಮ್ಮ ಪಟ್ಟಿಗಳಿಂದ ಮುಚ್ಚದೆ ತೋರಿಸಬೇಕು.