ಮೇಜಿನ ಕೆಳಗೆ ಬೆಂಕಿ, ಮೇಲೆ ರಗ್ಗು

ಡಿಸೆಂಬರ್‌ನಲ್ಲಿ ಊರಿಗೆ ಹೋದರೆ ಚಳಿ ಕಾಯಿಸೋ ಜಾಗ ನಮಗೆಲ್ಲ ಗೊತ್ತು. ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯವರಿಗೆ ಆಲೆಮನೆ ಒಲೆ, ನಾಗಮಂಗಲ, ಕೆ.ಆರ್. ಪೇಟೆ ಕಡೆಯವರಿಗೆ ರಾಗಿ ಕಣದ ಪಕ್ಕ ಹಾಕಿದ ಬೆಂಕಿ. ಮೈಮೇಲೊಂದು ಕಂಬಳಿ. ಜಪಾನಿನವರು ಇದೇ ಬೆಂಕಿ, ಇದೇ ಕಂಬಳಿಯನ್ನ ಮೇಜಿಗೆ ಸೇರಿಸಿ 'ಕೊತಾತ್ಸು' ಅಂತ ಹೆಸರಿಟ್ಟಿದ್ದಾರೆ.

ಅನಿಮೆ ನೋಡೋರಿಗೆ ಇದು ಹೊಸದಲ್ಲ. ಮೊಣಕಾಲೆತ್ತರದ ಮೇಜು, ಹಲಗೆಯ ಅಡಿಯಲ್ಲಿ ಪುಟ್ಟ ಹೀಟರ್, ಸುತ್ತಲೂ ನೆಲದವರೆಗೆ ಇಳಿಬಿದ್ದ ದಪ್ಪ ರಗ್ಗು. ಕಾಲು ಒಳಗಿಟ್ಟು ಕೂತರೆ ಏಳೋಕೆ ಮನಸ್ಸೇ ಬರಲ್ಲವಂತೆ. (ಇಂಟರ್ನಲ್ಸ್ ವಾರಕ್ಕೆ ಇದು ಒಳ್ಳೇದೋ ಕೆಟ್ಟದ್ದೋ, ನೀವೇ ಹೇಳಿ.)

ಲೆಕ್ಕ ನೋಡಿ. 1500 ವ್ಯಾಟ್‌ನ ರೂಮ್ ಹೀಟರ್ ನಾಲ್ಕು ಗಂಟೆ ಉರಿದರೆ 6 ಯೂನಿಟ್. ಅದರಲ್ಲಿ ಬಿಸಿಯಾದ ಗಾಳಿ ಹಗುರಾಗಿ ಮೇಲೇರಿ ಮೊದಲು ಫ್ಯಾನ್ ಕಾಯಿಸುತ್ತೆ, ನಮ್ಮನ್ನಲ್ಲ. ಕೊತಾತ್ಸುವಿನಲ್ಲಿ ರಗ್ಗು ಆ ಗಾಳಿಯನ್ನ ಅಲ್ಲೇ ಕಟ್ಟಿಹಾಕುತ್ತೆ. 300 ವ್ಯಾಟ್ ಒಂದೇ ಸಮ ಉರಿದರೂ 1.2 ಯೂನಿಟ್, ಥರ್ಮೋಸ್ಟಾಟ್ ಆಗಾಗ ಆಫ್ ಮಾಡೋದರಿಂದ ಇನ್ನೂ ಕಮ್ಮಿ. ರೂಮ್ ಕಾಯಿಸೋ ಬದಲು ಮನುಷ್ಯನನ್ನ ಕಾಯಿಸೋದು, ಅಷ್ಟೇ ಉಪಾಯ.

ಈಗ ಯಾರೋ ಒಬ್ಬರು "ನಾವೇ ಒಂದು ಮಾಡೋಣ ಕಣ್ರೋ" ಅಂತಾರೆ. ಸ್ವಲ್ಪ ತಡೀರಿ. ಕರೆಂಟಿನ ಕೊತಾತ್ಸು ಬಂದಿದ್ದು 1950ರ ದಶಕದಲ್ಲಿ. ಅದಕ್ಕೂ ಮುಂಚೆ ನೂರಾರು ವರ್ಷ ಒಳಗೆ ಇರ್ತಿದ್ದದ್ದು ಇದ್ದಿಲ ಕೆಂಡ. ಕೆಂಡ ಅರೆಬರೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಬರುತ್ತೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತೆ. ತಲೆ ಭಾರ, ನಿದ್ದೆ, ಆಮೇಲೆ ಎಚ್ಚರವೇ ಆಗದೆ ಹೋಗಬಹುದು.

ಹಾಗಾದ್ರೆ ಅಜ್ಜಿ ಮನೆಯ ಒಳಗೇ ಒಲೆ ಉರೀತಿತ್ತಲ್ಲ? ಉರೀತಿತ್ತು, ಆದರೆ ನಾಡಹೆಂಚಿನ ಸಂದುಗಳಲ್ಲಿ ಹೊಗೆ ಆಚೆ ಹೋಗ್ತಿತ್ತು. ನಮ್ಮ ಆರ್‌ಸಿಸಿ ರೂಮಿನಲ್ಲಿ ಚಳಿಗೆ ಕಿಟಕಿಯನ್ನೂ ಮುಚ್ಚಿರ್ತೀವಿ. ಅಲ್ಲಿ ಕೆಂಡದ ಬಾಣಲೆ ಇಟ್ಟು ಮಲಗೋದು ಬೇಡವೇ ಬೇಡ. ರಗ್ಗಿನೊಳಗೆ ಬಿಚ್ಚು ಕಾಯಿಲ್ ಇಡೋದೂ ಬೇಡ. ಅಸಲಿ ಕೊತಾತ್ಸುವಿನ ಹೀಟರ್‌ಗೆ ಜಾಲರಿ ಇರುತ್ತೆ, ಬಿಸಿ ಮಿತಿಮೀರಿದರೆ ತಾನೇ ನಿಲ್ಲುವ ವ್ಯವಸ್ಥೆ ಇರುತ್ತೆ.

ಮಂಡ್ಯದ ಚಳಿಗೆ ಅಷ್ಟೆಲ್ಲ ಬೇಕಾಗಿಯೂ ಇಲ್ಲ. ಮೆಡಿಕಲ್ ಶಾಪಿನ ರಬ್ಬರ್ ಬಿಸಿನೀರಿನ ಚೀಲ ತನ್ನಿ. ಒಂದು ಲೀಟರ್ ನೀರು 60 ಡಿಗ್ರಿಯಿಂದ 30ಕ್ಕೆ ಇಳಿಯುವಾಗ ಸುಮಾರು 126 ಕಿಲೋಜೂಲ್ ಬಿಡುತ್ತೆ. ಅದನ್ನ ಟವೆಲ್‌ನಲ್ಲಿ ಸುತ್ತಿ ಕಾಲ ಹತ್ರ ಇಟ್ಟು, ಮೇಲೆ ಊರಿನ ಕಂಬಳಿ ಹೊದ್ದು ಓದೋಕೆ ಕೂತ್ಕೊಳ್ಳಿ.