ಒಡೆದ ನಕ್ಷತ್ರವೂ ಆಕಾಶದ ಮೋಡಗಳೂ

ಮಾಘಮಾಸದ ಇರುಳಿನಲ್ಲಿ ಊಟ ಮುಗಿಸಿ ಅಂಗಳಕ್ಕೆ ಬಂದು ತಲೆಯೆತ್ತಿದರೆ, ನೆತ್ತಿಯ ಸಮೀಪದಲ್ಲಿ ಪುನರ್ವಸುವಿನ ಜೋಡಿ ನಕ್ಷತ್ರಗಳೂ ಅವುಗಳಿಗೆ ನೈಋತ್ಯದಲ್ಲಿ ಕೆಂಪಗೆ ಹೊಳೆಯುವ ಆರ್ದ್ರೆಯೂ ಕಾಣುವುವು. ಆರ್ದ್ರೆಯಿಂದ ಉತ್ತರಕ್ಕೆ, ಚಾಚಿದ ಕೈಯ ಒಂದು ಗೇಣಿಗೆ ತುಸು ಕಡಮೆ ದೂರದಲ್ಲಿ, ಮಿಥುನರಾಶಿಯ ಪಾದದ ಬಳಿ, ಬರಿಗಣ್ಣಿಗೆ ಒಂದು ಸಾಧಾರಣ ನಕ್ಷತ್ರದ ಹೊರತು ವಿಶೇಷವೇನೂ ತೋರದು. ಆದರೆ ದೂರದರ್ಶಕದಿಂದ ಬಹಳ ಹೊತ್ತು ಬೆಳಕು ಹಿಡಿದು ತೆಗೆದ ಛಾಯಾಚಿತ್ರದಲ್ಲಿ, ಅಲ್ಲಿಯೇ ಹುಣ್ಣಿಮೆಯ ಚಂದ್ರನಿಗಿಂತಲೂ ಅಗಲವಾದ, ಹರಿದ ಬಲೆಯಂತಹ ಒಂದು ಪ್ರಭೆಯು ಮೂಡುವುದು. ಜ್ಯೋತಿರ್ವಿಜ್ಞಾನಿಗಳು ಇದನ್ನು ಐ. ಸಿ. ೪೪೩ ಎಂದು ಕರೆಯುವರು. ಕಡಲಿನ ಲೋಳೆಮೀನನ್ನು ಹೋಲುವುದರಿಂದ ಜೆಲ್ಲಿಫಿಷ್ ನೀಹಾರಿಕೆಯೆಂಬ ಅಡ್ಡಹೆಸರೂ ಉಂಟು. ಅದು ನಮ್ಮಿಂದ ಸುಮಾರು ೫,೦೦೦ ಜ್ಯೋತಿರ್ವರ್ಷಗಳಷ್ಟು ದೂರದಲ್ಲಿರುವ, ಒಡೆದುಹೋದ ಒಂದು ನಕ್ಷತ್ರದ ಅವಶೇಷ.

ನಕ್ಷತ್ರವು ಒಡೆಯುವುದೆಂದರೇನು? ಸೂರ್ಯನಿಗಿಂತ ಸುಮಾರು ಎಂಟು ಮಡಿಗೂ ಮಿಗಿಲಾದ ತೂಕವುಳ್ಳ ನಕ್ಷತ್ರವು ತನ್ನ ಇಂಧನವನ್ನೆಲ್ಲ ಉರಿಸಿ ಮುಗಿಸಿದಾಗ, ಅದರ ನಡುವಿನಲ್ಲಿ ಕಬ್ಬಿಣದ ತಿರುಳು ಮಾತ್ರ ಉಳಿಯುವುದು. ಕಬ್ಬಿಣವನ್ನು ಉರಿಸಿ ಶಕ್ತಿಯನ್ನು ಪಡೆಯುವಂತಿಲ್ಲ. ತನ್ನ ಭಾರವನ್ನು ತಾನೇ ತಾಳಲಾರದೆ ತಿರುಳು ಕುಸಿಯುವುದು. ಹೊರಗಿನ ಪದರಗಳು ಸಿಡಿದು ಸೆಕೆಂಡಿಗೆ ಸಾವಿರಾರು ಕಿಲೋಮೀಟರು ವೇಗದಿಂದ ಹಾರುವುವು. ಸೂರ್ಯನು ತನ್ನ ೧,೦೦೦ ಕೋಟಿ ವರ್ಷಗಳ ಆಯುಷ್ಯದಲ್ಲೆಲ್ಲ ಸೂಸುವ ಬೆಳಕಿಗೆ ಹೆಚ್ಚು ಕಡಮೆ ಸಮನಾದ ಶಕ್ತಿಯು ಈ ಚೂರುಗಳ ಓಟದಲ್ಲಿಯೇ ಅಡಗಿರುವುದು. ಇಂತಹ ಸ್ಫೋಟಕ್ಕೆ ಬಾಡೆ ಮತ್ತು ಜ್ವಿಕ್ಕಿ ಎಂಬ ವಿಜ್ಞಾನಿಗಳು ೧೯೩೪ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ಸೂಪರ್‌ನೋವಾ ಎಂಬ ಹೆಸರನ್ನು ಬಳಸಿದರು.

ಸಿಡಿದ ಚೂರುಗಳು ಬರಿಯ ಬಯಲಿಗೆ ಹಾರುವುವೆಂದು ನಾವು ಎಣಿಸುವುದು ಸಹಜ. ಆದರೆ ನಕ್ಷತ್ರಗಳ ನಡುವಣ ಆಕಾಶವು ಪೂರ್ತಿಯಾಗಿ ಬರಿದಲ್ಲ. ಅಲ್ಲಲ್ಲಿ ಜಲಜನಕದ ಅಣುಗಳೂ ನುಣ್ಣನೆಯ ಧೂಳೂ ಸೇರಿದ ಕರಿಯ ಮೋಡಗಳಿರುವುವು. ಇವಕ್ಕೆ ಅಣುಮೇಘಗಳೆಂದು ಹೆಸರು. ಮಂಜುಗಡ್ಡೆಗಿಂತಲೂ ೨೬೦ ಡಿಗ್ರಿಗಳಷ್ಟು ಕೆಳಗಿನ ಚಳಿ ಅಲ್ಲಿಯದು. ಒಂದು ಘನ ಸೆಂಟಿಮೀಟರಿನಲ್ಲಿ ನೂರಾರು, ದಟ್ಟವಾದೆಡೆಯಲ್ಲಿ ಸಾವಿರಾರು ಅಣುಗಳು. ನಾವು ಉಸಿರಾಡುವ ಗಾಳಿಯ ಮುಂದೆ ಇದು ಶೂನ್ಯವೇ ಸರಿ. ಆದರೆ ಆಕಾಶದ ಲೆಕ್ಕದಲ್ಲಿ ದಟ್ಟಣೆ. ನಕ್ಷತ್ರಗಳು ಹುಟ್ಟುವುದು ಈ ಮೋಡಗಳ ಒಡಲಲ್ಲಿ. ಭಾರವಾದ ನಕ್ಷತ್ರಗಳಾದರೋ ಅಲ್ಪಾಯುಗಳು; ಕೆಲವು ದಶಲಕ್ಷ ವರ್ಷಗಳಲ್ಲಿಯೇ ಅವುಗಳ ಬಾಳು ತೀರುವುದುಂಟು. ಆದುದರಿಂದ ಅವುಗಳಲ್ಲಿ ಹಲವು, ತಾವು ಹುಟ್ಟಿದ ಮನೆಯ ಅಂಗಳವನ್ನು ದಾಟುವ ಮೊದಲೇ ಸಿಡಿಯುವುವು. ಸಾವಿನ ಮೊದಲ ಪೆಟ್ಟು ತೌರುಮನೆಗೇ ತಗಲುವುದು.

ಕೆರೆಯ ಏರಿ ಒಡೆದಾಗ ನೀರು ಹರಿಯುವ ಬಗೆಯನ್ನು ನಮ್ಮ ರೈತರು ಬಲ್ಲರು. ಬೀಳುಬಿಟ್ಟ ಹೊಲದಲ್ಲಿ ಅದು ನಿರಾತಂಕವಾಗಿ ಓಡುವುದು. ದಟ್ಟವಾಗಿ ಬೆಳೆದ ಕಬ್ಬಿನ ಗದ್ದೆಯನ್ನು ಹೊಕ್ಕೊಡನೆ ವೇಗವು ಕುಗ್ಗಿ, ಎದುರಾದ ಗಳುಗಳನ್ನು ಮಲಗಿಸುತ್ತ ಮೆಲ್ಲಗೆ ನುಗ್ಗುವುದು. ಐ. ಸಿ. ೪೪೩ರಲ್ಲಿ ನಡೆದಿರುವುದೂ ಹೀಗೆಯೇ. ಈಶಾನ್ಯದ ತೆಳುವಾದ ಅನಿಲದಲ್ಲಿ ಸ್ಫೋಟದ ಅಲೆಯು ಸೆಕೆಂಡಿಗೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಸಾಗಿದ್ದರೆ, ದಕ್ಷಿಣದ ಅಣುಮೇಘದಲ್ಲಿ ಅದರ ವೇಗವು ಸುಮಾರು ಮೂವತ್ತಕ್ಕೆ ಇಳಿದಿದೆ. ಅಲೆ ಹಾಯ್ದಲ್ಲಿ ತಣ್ಣಗಿದ್ದ ಅನಿಲವು ಒಮ್ಮೆಗೇ ಸಾವಿರಾರು ಡಿಗ್ರಿಗಳಿಗೆ ಕಾಯುವುದು. ಕೆಲವೆಡೆ ಅಣುಗಳು ಒಡೆದು ಚೆಲ್ಲಾಪಿಲ್ಲಿಯಾಗುವುವು, ಕೆಲವೆಡೆ ಹೊಸ ಅಣುಗಳು ಕೂಡಿಕೊಳ್ಳುವುವು. ಕಾದ ಜಲಜನಕವು ಆಮ್ಲಜನಕದೊಡನೆ ಸೇರಿ ನೀರಿನ ಅಣುವಾಗುವುದೂ ಇಲ್ಲಿ ಉಂಟು.

ಇಷ್ಟು ದೂರದ ಸಂಗತಿ ತಿಳಿದುದು ಹೇಗೆಂದು ವಾಚಕರು ಕೇಳಬಹುದು. ಪ್ರತಿಯೊಂದು ಅಣುವೂ ತನಗೆ ನಿಯತವಾದ ರೇಡಿಯೋ ಅಲೆಯನ್ನು ಬಿಡುವುದು. ಅದರ ಅಳತೆಯು ಹಿಗ್ಗಿದ್ದರೆ, ಆ ಅನಿಲವು ಕಲಕಿಹೋಗಿದೆಯೆಂದು ಅರ್ಥ. ಇಂಗಾಲದ ಮಾನಾಕ್ಸೈಡಿನ ಅಲೆಯಲ್ಲಿ ಇಂತಹ ಹಿಗ್ಗುವಿಕೆಯು ಈ ನೀಹಾರಿಕೆಯಲ್ಲಿ ೧೯೭೯ರಲ್ಲಿ ಕಂಡುಬಂದಿತು. ನಮ್ಮ ಗೌರಿಬಿದನೂರಿನ ರೇಡಿಯೋ ದೂರದರ್ಶಕವೂ ಇದೇ ಅವಶೇಷದ ದೀರ್ಘವಾದ ಅಲೆಗಳನ್ನು ಹಿಡಿದು ಅಳೆಯಿತು; ಆ ಫಲವು ೧೯೮೨ರಲ್ಲಿ ಪ್ರಕಟವಾಯಿತು.

ಈ ಘರ್ಷಣೆಯಿಂದ ಬಹುಕಾಲದ ಒಂದು ಪ್ರಶ್ನೆಗೂ ಉತ್ತರ ದೊರೆಯಿತು. ೧೯೧೨ರಲ್ಲಿ ವಿಕ್ಟರ್ ಹೆಸ್ಸನು ಬೆಲೂನಿನಲ್ಲಿ ೫ ಕಿಲೋಮೀಟರಿಗೂ ಮೇಲೇರಿ, ಹೊರಗಿನ ಆಕಾಶದಿಂದ ನಮ್ಮ ಮೇಲೆ ಕಿರಣಗಳು ಸುರಿಯುತ್ತಿರುವುವೆಂದು ಕಂಡುಹಿಡಿದನು. ಇವೇ ವಿಶ್ವಕಿರಣಗಳು, ಮುಖ್ಯವಾಗಿ ಪ್ರೋಟಾನುಗಳು. ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ೨ ಕಿಲೋಮೀಟರಿಗೂ ಕೆಳಗೆ, ಇವುಗಳಿಂದ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ೧೯೬೫ರಲ್ಲಿ ಸಿಕ್ಕಿತು. ಆದರೆ ಇವಕ್ಕೆ ವೇಗ ಕೊಟ್ಟವರಾರು? ಸೂಪರ್‌ನೋವಾಗಳೆಂದು ಬಾಡೆ, ಜ್ವಿಕ್ಕಿಯರು ಊಹಿಸಿದ್ದರು, ಸಾಕ್ಷ್ಯವಿರಲಿಲ್ಲ. ಪ್ರೋಟಾನಿಗೆ ವಿದ್ಯುದಾವೇಶವಿರುವುದರಿಂದ ಆಕಾಶದ ಕಾಂತಕ್ಷೇತ್ರಗಳು ಅದರ ದಾರಿಯನ್ನು ಬಾಗಿಸಿ ಬಿಡುವುವು. ಎಲ್ಲಿಂದ ಹೊರಟಿತೆಂದು ಹೇಳಲಾಗದು.

ಇಲ್ಲಿ ಮೋಡವು ಸಾಕ್ಷಿಯಾಗಿ ನಿಂತಿತು. ವೇಗವಾದ ಪ್ರೋಟಾನು ಮೋಡದ ಜಲಜನಕಕ್ಕೆ ಬಡಿದಾಗ ಪಯಾನ್ ಎಂಬ ಕ್ಷಣಜೀವಿಯಾದ ಕಣವು ಹುಟ್ಟಿ, ಎರಡು ಗ್ಯಾಮಾ ಕಿರಣಗಳಾಗಿ ಅಳಿಯುವುದು. ಗ್ಯಾಮಾ ಕಿರಣಕ್ಕೆ ಆವೇಶವಿಲ್ಲ. ಅದು ನೇರವಾಗಿ ಬರುವುದು. ಪಯಾನಿನಿಂದ ಹುಟ್ಟಿದ ಕಿರಣಗಳು ಒಂದು ಮಿತಿಗಿಂತ ಕೆಳಗಿನ ಶಕ್ತಿಯಲ್ಲಿ ಬೇಗನೆ ವಿರಳವಾಗುವುವು. ೨೦೦೮ರಲ್ಲಿ ಹಾರಿಸಿದ ಫರ್ಮಿ ದೂರದರ್ಶಕವು ಐ. ಸಿ. ೪೪೩ರಲ್ಲಿಯೂ ಗರುಡರಾಶಿಯ ಡಬ್ಲ್ಯೂ ೪೪ರಲ್ಲಿಯೂ ಈ ಗುರುತನ್ನೇ ಕಂಡಿತು. ೨೦೧೩ರಲ್ಲಿ ಇದು ಪ್ರಕಟವಾದಾಗ ಹೆಸ್ಸನ ಬೆಲೂನು ಏರಿ ನೂರು ವರ್ಷಗಳು ಕಳೆದಿದ್ದುವು. ಅತ್ಯಂತ ಹೆಚ್ಚಿನ ಶಕ್ತಿಯ ಕಿರಣಗಳ ಮೂಲವನ್ನು ಮಾತ್ರ ವಿಜ್ಞಾನಿಗಳು ಇನ್ನೂ ಹುಡುಕುತ್ತಿರುವರು.

ಹಾಗಾದರೆ ಈ ಪೆಟ್ಟು ಮೋಡಕ್ಕೆ ಶಾಪವೋ ವರವೋ? ಎರಡೂ ಆಗಬಹುದು. ಅಲೆಯು ತೀವ್ರವಾಗಿದ್ದರೆ ಮೋಡವು ಚಿಂದಿಯಾಗಿ, ಹುಟ್ಟಬೇಕಾದ ನಕ್ಷತ್ರಗಳು ಹುಟ್ಟದೆ ಹೋಗುವುವು. ಮೆಲ್ಲಗೆ ಅದುಮಿದರೆ ಮೋಡವು ಒತ್ತರಿಸಿ ಕುಸಿದು ಹೊಸ ನಕ್ಷತ್ರಕ್ಕೆ ಗರ್ಭವಾಗಬಹುದು. ನಮ್ಮ ಸೂರ್ಯನೇ ಹೀಗೆ ಹುಟ್ಟಿರಬಹುದೆಂದು ೧೯೭೭ರಲ್ಲಿ ಕ್ಯಾಮರೂನ್ ಮತ್ತು ಟ್ರುರಾನ್ ಎಂಬುವರು ವಾದಿಸಿದರು. ೧೯೬೯ರಲ್ಲಿ ಮೆಕ್ಸಿಕೋ ದೇಶದ ಅಯೆಂಡೆ ಎಂಬಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ, ಸುಮಾರು ೭ ಲಕ್ಷ ವರ್ಷಗಳಿಗೆ ಅರ್ಧಕ್ಕೆ ಸವೆಯುವ ಒಂದು ಬಗೆಯ ಅಲ್ಯೂಮಿನಿಯಮ್ ಇದ್ದುದರ ಕುರುಹು ದೊರೆತುದು ಅವರ ಆಧಾರ. ಸೌರಮಂಡಲವು ಹುಟ್ಟುವ ಹೊತ್ತಿಗೆ ಅದು ಹೊಸದಾಗಿ ಬಂದು ಸೇರಿರಬೇಕಷ್ಟೆ. ಸ್ಫೋಟದಿಂದಲ್ಲ, ದೊಡ್ಡ ನಕ್ಷತ್ರಗಳು ಬೀಸುವ ಗಾಳಿಯಿಂದ ಬಂದಿತೆಂದು ಹೇಳುವವರೂ ಇರುವರು, ವಾದವು ಮುಗಿದಿಲ್ಲ.

ವಾದವು ಹೇಗೆಯೇ ತೀರಲಿ, ಒಂದು ಮಾತು ನಿಶ್ಚಿತ. ನಮ್ಮ ನೆತ್ತರಿನ ಕಬ್ಬಿಣವೂ ಅಡುಗೆಮನೆಯ ಬಾಣಲೆಯ ಕಬ್ಬಿಣವೂ ಎಂದೋ ಒಡೆದ ನಕ್ಷತ್ರಗಳು ಮೋಡಗಳಿಗೆ ಒಪ್ಪಿಸಿಹೋದ ಆಸ್ತಿ. ಆ ಕೆಂಪು ಆರ್ದ್ರೆಯೂ ಮುಂದೊಂದು ದಿನ ಹೀಗೆಯೇ ಒಡೆಯಲಿದೆ. ಮಕ್ಕಳನ್ನು ಅಂಗಳಕ್ಕೆ ಕರೆದು ಅದನ್ನು ತೋರಿಸುವಾಗ, ಅದಕ್ಕೆ ಉತ್ತರದಲ್ಲಿ ಬರಿದಾಗಿ ಕಾಣುವ ಆ ಎಡೆಯನ್ನೂ ತೋರಿಸಿರೆಂದು ನಾವು ಬೇಡುವೆವು.