ಯುದ್ಧ ಬೇಡ ಅಂತ ರಾಜಾನುಕುಂಟೆಯಿಂದ ಯಾರಿಗೆ ಬರೆಯೋದು?

ಇವತ್ತಿನ ಸಂಚಿಕೆ ಒಂದು ಪತ್ರದ ಬಗ್ಗೆ. ಎಂಎಲ್‌ಎಗೋ ಎಂಪಿಗೋ ನಾವು ಬರೆಯೋ ಪತ್ರ. ರಸ್ತೆ, ಚರಂಡಿ, ನೀರಿಗಾಗಿ ಅಲ್ಲ, ಶಾಂತಿಗಾಗಿ.

ನಾನಿರೋದು ರಾಜಾನುಕುಂಟೆಯಲ್ಲಿ. ಹತ್ತಿರದಲ್ಲೇ ಯಲಹಂಕ ವಾಯುನೆಲೆ. ಏರೋ ಇಂಡಿಯಾ ಬಂದಾಗ ಯುದ್ಧವಿಮಾನ ನೋಡೋಕೆ ಮಕ್ಕಳು ಮಹಡಿ ಹತ್ತುತ್ತಾರೆ. 2025ರ ಮೇ 7ರಿಂದ 10ರವರೆಗೆ ಭಾರತ–ಪಾಕಿಸ್ತಾನದ ನಡುವೆ ಸಂಘರ್ಷ ನಡೆದಾಗ ಮಾತ್ರ ಆ ಸದ್ದು ಬೇರೆಯೇ ಅನ್ನಿಸಿತು. ಎರಡೂ ದೇಶಗಳ ಬಳಿ ಅಣ್ವಸ್ತ್ರ ಇದೆ. ‘ನಾವು ಇಲ್ಲಿ ಕೂತು ಏನ್ ಮಾಡೋಕಾಗುತ್ತೆ?’ ಅನ್ನೋ ಪ್ರಶ್ನೆಗೆ ಒಂದು ಸಣ್ಣ, ಆದರೆ ಗಟ್ಟಿ ಉತ್ತರ ಇದೆ: ಸರಿಯಾದವರಿಗೆ, ಅವರ ಕೈಲಾಗೋದನ್ನೇ ಕೇಳಿ ಬರೆಯೋದು.

ಮೊದಲು, ಯಾರಿಗೆ? ನಾವು ಬೆಂಗಳೂರಿನವರು, ಹಾಗಾಗಿ ನಮ್ಮ ಎಂಪಿ ಬೆಂಗಳೂರು ಉತ್ತರದವರು ಅಂದುಕೊಳ್ಳೋದು ಸಹಜ. ಹೆಬ್ಬಾಳ, ಯಶವಂತಪುರದವರಿಗೆ ಅದು ಸರಿ. ರಾಜಾನುಕುಂಟೆ ಇರೋದು ಯಲಹಂಕ ವಿಧಾನಸಭಾ ಕ್ಷೇತ್ರದಲ್ಲಿ. ಲೋಕಸಭೆಗೆ ಯಲಹಂಕ ಸೇರೋದು ಚಿಕ್ಕಬಳ್ಳಾಪುರಕ್ಕೆ. 2024ರಲ್ಲಿ ಅಲ್ಲಿಂದ ಗೆದ್ದವರು ಡಾ. ಕೆ. ಸುಧಾಕರ್. 2023ರಲ್ಲಿ ಯಲಹಂಕದಿಂದ ಶಾಸಕರಾದವರು ಎಸ್.ಆರ್. ವಿಶ್ವನಾಥ್.

ಇಬ್ಬರಲ್ಲಿ ಯಾರಿಗೆ ಅನ್ನೋದನ್ನ ಸಂವಿಧಾನವೇ ಹೇಳುತ್ತೆ. ಪೊಲೀಸ್, ಸಾರ್ವಜನಿಕ ಸುವ್ಯವಸ್ಥೆ ರಾಜ್ಯದ ವಿಷಯ. ಹಬ್ಬ, ಮೆರವಣಿಗೆಗೆ ಮುಂಚೆ ಸ್ಟೇಷನ್‌ನಲ್ಲಿ ಶಾಂತಿ ಸಭೆ ಸರಿಯಾಗಿ ನಡೀಬೇಕು, ದ್ವೇಷ ಭಾಷಣದ ಮೇಲೆ ಕ್ರಮ ಆಗಬೇಕು ಅಂದರೆ ಶಾಸಕರಿಗೆ ಬರೆಯಿರಿ. ರಕ್ಷಣೆ, ವಿದೇಶಾಂಗ, ಅಣುಶಕ್ತಿ ಕೇಂದ್ರದ್ದು. ಅದಕ್ಕೆ ಸಂಸದರು.

ಆದರೆ ‘ಯುದ್ಧ ನಿಲ್ಲಿಸಿ’ ಅಂತ ಬರೆದರೆ ಸಂಸದರು ಏನು ಮಾಡಬೇಕು? ಒಬ್ಬ ಸಂಸದರು ಯುದ್ಧ ನಿಲ್ಲಿಸೋಕಾಗಲ್ಲ. ನಮ್ಮಲ್ಲಿ ಅಂತರರಾಷ್ಟ್ರೀಯ ಒಪ್ಪಂದಗಳಿಗೆ ಸಹಿ ಹಾಕೋದೂ ಸರ್ಕಾರವೇ, ಸಂಸತ್ತಿನ ಮತದಾನ ಕಡ್ಡಾಯವಲ್ಲ. ಪ್ರಶ್ನೆ ಕೇಳೋದು ಮಾತ್ರ ಅವರ ಕೈಲಿದೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳಿಗೆ ಅವಕಾಶ. ಇವಕ್ಕೆ ಸಚಿವರು ಸದನದಲ್ಲಿ ಬಾಯಿಮಾತಿನ ಉತ್ತರ ಕೊಡಬೇಕು. ಚುಕ್ಕೆರಹಿತ ಪ್ರಶ್ನೆ 230ರವರೆಗೆ. ಇವಕ್ಕೆ ಲಿಖಿತ ಉತ್ತರ. ಅದು ದಾಖಲೆಯಾಗಿ ಉಳಿಯುತ್ತೆ, ಯಾರು ಬೇಕಾದರೂ ಓದಬಹುದು.

ಹಾಗಾಗಿ ಪ್ರಶ್ನೆಯನ್ನ ನೀವೇ ಸಿದ್ಧ ಮಾಡಿ ಕೊಡಿ. ಉದಾಹರಣೆಗೆ: ‘ಅಣ್ವಸ್ತ್ರವನ್ನು ತಾನಾಗಿ ಮೊದಲು ಬಳಸುವುದಿಲ್ಲ ಎಂದು 2003ರಲ್ಲಿ ಸರ್ಕಾರ ಪ್ರಕಟಿಸಿದ ನೀತಿ ಈಗಲೂ ಹಾಗೆಯೇ ಇದೆಯೇ? 2021ರ ಜನವರಿ 22ರಂದು ಜಾರಿಗೆ ಬಂದ ವಿಶ್ವಸಂಸ್ಥೆಯ ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ಭಾರತ ಸೇರದಿರಲು ಕಾರಣವೇನು? ದಯವಿಟ್ಟು ಈ ಪ್ರಶ್ನೆಗಳನ್ನು ಕೇಳಿ.’

ಒಂದು ಪತ್ರಕ್ಕೆ ಒಂದೇ ವಿಷಯ, ಒಂದೇ ಪುಟ. ಕನ್ನಡದಲ್ಲೇ ಬರೆಯಿರಿ. ಹೆಸರು, ಊರು, ಫೋನ್ ನಂಬರ್ ಇರಲಿ. ಮತದಾರರು ಅಂತ ಗೊತ್ತಾಗಬೇಕು. ಪ್ರಶ್ನೆಗೆ ಸಾಮಾನ್ಯವಾಗಿ 15 ದಿನ ಮುಂಚೆ ನೋಟಿಸ್ ಕೊಡಬೇಕು. ಆದ್ದರಿಂದ ಅಧಿವೇಶನಕ್ಕೆ ಒಂದು ತಿಂಗಳು ಮೊದಲೇ ಪತ್ರ ಅವರ ಕಚೇರಿ ತಲುಪಲಿ. ಕೈಯಲ್ಲೇ ಕೊಟ್ಟರೆ ನಿಮ್ಮ ಪ್ರತಿ ಮೇಲೆ ಸೀಲು ಹಾಕಿಸಿಕೊಳ್ಳಿ, ಅಂಚೆಯಾದರೆ ರಸೀದಿ ಇಟ್ಕೊಳ್ಳಿ. ಎಲ್ಲರೂ ಒಂದೇ ಒಕ್ಕಣೆಯನ್ನ ಜೆರಾಕ್ಸ್ ಮಾಡಿ ಕಳಿಸೋದಕ್ಕಿಂತ, ಹತ್ತು ಮನೆಯವರು ತಮ್ಮ ತಮ್ಮ ಮಾತಲ್ಲಿ ಬರೆದರೆ ತೂಕ ಹೆಚ್ಚು.

ಶಾಂತಿ ಅಂದರೆ ದೇಶದ್ರೋಹಿ ಅಂತಾರೇನೋ ಅನ್ನೋ ಅಳುಕು ಹಲವರಿಗಿದೆ. ಯಲಹಂಕದಲ್ಲಿ ವಾಯುಪಡೆ ಜೊತೆಗೆ ಸಿಆರ್‌ಪಿಎಫ್, ಬಿಎಸ್‌ಎಫ್ ಕೇಂದ್ರಗಳೂ ಇವೆ. ಗುಂಡಿನ ಸದ್ದಾದರೆ ಮೊದಲು ಎದುರಿಗೆ ನಿಲ್ಲೋದು ಅಂಥವರೇ. ಅವರು ಕ್ಷೇಮವಾಗಿ ಮನೆಗೆ ಬರಲಿ ಅಂತ ಸರ್ಕಾರವನ್ನ ಪ್ರಶ್ನೆ ಕೇಳೋದು ದ್ರೋಹ ಹೇಗಾಗುತ್ತೆ?

ಸಂಸದರು ನಿಮ್ಮ ಮಾತು ಒಪ್ಪದೇ ಇರಬಹುದು, ಉತ್ತರವೂ ಬರದೇ ಇರಬಹುದು. ಆರು ವಾರ ನೋಡಿ, ಹಳೇ ಪತ್ರದ ಪ್ರತಿ ಲಗತ್ತಿಸಿ ಮತ್ತೊಂದು ಕಳಿಸಿ. ಉತ್ತರ ಬಂದರೆ ಊರಿನ ನಾಲ್ಕು ಜನಕ್ಕೆ ಓದಿ ಹೇಳಿ. ಮುಂದಿನ ಸಲ ಅವರು ವೋಟು ಕೇಳೋಕೆ ಬಂದಾಗ ಆ ಪತ್ರ ನಿಮ್ಮ ಕೈಯಲ್ಲಿರಲಿ.